ಛಲವೂ ಕಲಿಸಬಹುದಾದ ಪಾಠವೇ?



ಎಂಟನೇ ತರಗತಿಯವರೆಗೆ ನಗುನಗುತ್ತ ಶಾಲೆಗೆ ಹೋಗುತ್ತಿದ್ದ ಮಗು ಒಂಬತ್ತನೇ ತರಗತಿಗೆ ಕಾಲಿಟ್ಟ ವರ್ಷ ಮನೆಯ ವಾತಾವರಣವೇ ಬದಲಾಗುವುದನ್ನು ಇಲ್ಲಿ ನೆರೆದಿರುವ ಬಹುತೇಕ ಪಾಲಕರು ಬಲ್ಲರು. ಬೀಜಗಣಿತ ಕಠಿಣವಾಗುತ್ತದೆ, ವಿಜ್ಞಾನದ ಪುಸ್ತಕ ದಪ್ಪವಾಗುತ್ತದೆ, ಮೊದಲ ಘಟಕ ಪರೀಕ್ಷೆಯಲ್ಲೇ ಅಂಕ ಕುಸಿಯುತ್ತದೆ. ಕೆಲವು ಮಕ್ಕಳು ಮರುದಿನ ಅದೇ ಪುಸ್ತಕವನ್ನು ಮತ್ತೆ ತೆರೆಯುತ್ತಾರೆ. ಇನ್ನು ಕೆಲವರು ಪುಸ್ತಕ ತೆರೆದಿಟ್ಟುಕೊಂಡೇ ಎಲ್ಲೋ ಕಳೆದುಹೋಗುತ್ತಾರೆ. ಮೊದಲನೆಯವರನ್ನು ಕಂಡು ಹಿರಿಯರು ‘ಹುಟ್ಟಾ ಛಲಗಾರ’ ಎಂದು ಮೆಚ್ಚುತ್ತಾರೆ. ಎರಡನೆಯವರನ್ನು ಕಂಡು ‘ಇವನಿಗೆ ಓದಿನ ಮೇಲೆ ಲಕ್ಷ್ಯವೇ ಇಲ್ಲ’ ಎಂದು ಕೈಚೆಲ್ಲುತ್ತಾರೆ. ಎರಡೂ ತೀರ್ಪುಗಳ ತಳದಲ್ಲಿ ಒಂದೇ ನಂಬಿಕೆಯಿದೆ: ಛಲವೂ ತಲ್ಲೀನತೆಯೂ ಹುಟ್ಟುಗುಣ, ಕಲಿಸಿ ಬರುವಂಥದ್ದಲ್ಲ ಎಂಬುದು.

ಈ ನಂಬಿಕೆಯನ್ನು ಒಮ್ಮೆ ಲೆಕ್ಕಪರಿಶೋಧನೆಗೆ ಒಳಪಡಿಸುವುದು ಈ ಉಪನ್ಯಾಸದ ಉದ್ದೇಶ. ನಂಬಿಕೆ ತಪ್ಪಾಗಿದ್ದರೆ, ಇಂದು ಟ್ಯೂಷನ್ನಿಗೆ, ಕೋಚಿಂಗಿಗೆ, ಪುರಸ್ಕಾರಕ್ಕೆ ಖರ್ಚಾಗುತ್ತಿರುವ ಹಣದಲ್ಲಿ ಸಾಕಷ್ಟು ಪಾಲು ತಪ್ಪು ಖಾತೆಗೆ ಜಮೆಯಾಗುತ್ತಿದೆ ಎಂದೇ ಅರ್ಥ.

ಸಾಕ್ಷ್ಯಕ್ಕಾಗಿ ದೂರ ಹೋಗಬೇಕಿಲ್ಲ. ಹಿಮಾಲಯದ ಮಡಿಲಿನ ಪುಟ್ಟ ದೇಶ ಭೂತಾನ, ರಾಷ್ಟ್ರದ ಪ್ರಗತಿಯನ್ನು ಕೇವಲ ಉತ್ಪಾದನೆಯಿಂದ ಅಳೆಯಬಾರದು, ಪ್ರಜೆಗಳ ಒಟ್ಟು ಸಂತೋಷದಿಂದಲೂ ಅಳೆಯಬೇಕು ಎಂಬ ವಿಚಾರವನ್ನು 1970ರ ದಶಕದಲ್ಲಿ ಮುಂದಿಟ್ಟಿತು. ಅಂದಿನ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಅವರ ಈ ವಿಚಾರ 2008ರ ಸಂವಿಧಾನದಲ್ಲೂ ಸ್ಥಾನ ಪಡೆಯಿತು. ಸಂವಿಧಾನದಲ್ಲಿ ಬರೆದ ಸಂತೋಷ ತರಗತಿಗೆ ಇಳಿದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕ ಅಲೆಹಾಂಡ್ರೊ ಆಡ್ಲರ್ ಅಲ್ಲಿನ ಶಿಕ್ಷಣ ಇಲಾಖೆಯ ಜೊತೆಗೂಡಿ ಪರೀಕ್ಷಿಸಿದರು. 18 ಪ್ರೌಢಶಾಲೆಗಳು, 7ರಿಂದ 12ನೇ ತರಗತಿಯ 8,385 ವಿದ್ಯಾರ್ಥಿಗಳು, 15 ತಿಂಗಳ ಅವಧಿ. ಈ ಪ್ರಯೋಗದ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡಬೇಕು. ‘ಮಕ್ಕಳಿಗೆ ಧ್ಯಾನ ಹೇಳಿಕೊಟ್ಟೆವು, ಮಕ್ಕಳು ಸುಧಾರಿಸಿದರು’ ಎಂದು ಬೀಗುವ ಸಾವಿರ ವರದಿಗಳಿಗೂ ಇದಕ್ಕೂ ಇರುವ ಅಂತರ ಅಡಗಿರುವುದು ಆ ಕ್ರಮದಲ್ಲಿಯೇ.

ಯಾವ ಶಾಲೆಗೆ ಯಾವ ಪಾಠ ಎಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಲಾಯಿತು. ಒಂದು ಗುಂಪಿನ ಶಾಲೆಗಳಲ್ಲಿ ಹತ್ತು ಸ್ವಾಸ್ಥ್ಯ ಕೌಶಲಗಳನ್ನು ಕಲಿಸಿದರು: ಗಮನವನ್ನು ಒಂದೆಡೆ ನಿಲ್ಲಿಸುವುದು, ಪರರ ನೋವನ್ನು ಅರಿಯುವುದು, ತನ್ನನ್ನು ತಾನು ತಿಳಿಯುವುದು, ಭಾವಾವೇಶವನ್ನು ನಿಭಾಯಿಸುವುದು, ಸ್ಪಷ್ಟವಾಗಿ ಮಾತನಾಡುವುದು, ಸಂಬಂಧಗಳನ್ನು ಉಳಿಸಿಕೊಳ್ಳುವುದು, ಹೊಸ ರೀತಿಯಲ್ಲಿ ಯೋಚಿಸುವುದು, ಪ್ರಶ್ನಿಸಿ ಯೋಚಿಸುವುದು, ನಿರ್ಧಾರ ತೆಗೆದುಕೊಳ್ಳುವುದು, ಸಮಸ್ಯೆಯನ್ನು ಬಿಡಿಸುವುದು. ಇನ್ನೊಂದು ಗುಂಪನ್ನು ಖಾಲಿ ಬಿಡಲಿಲ್ಲ. ಅಲ್ಲಿನ ಮಕ್ಕಳಿಗೆ ಪೋಷಣೆ, ಮನಶ್ಶಾಸ್ತ್ರ, ಶರೀರ ರಚನೆ ಮುಂತಾದ ವಿಷಯಗಳ ಹೊಸ ಪಾಠ ಸಿಕ್ಕಿತು. ಹೊಸ ಪುಸ್ತಕ ಬಂತು, ಯಾರೋ ನಮ್ಮನ್ನು ಗಮನಿಸುತ್ತಿದ್ದಾರೆ ಎಂಬ ಉತ್ಸಾಹ ಎರಡೂ ಕಡೆ ಸಮಾನವಾಗಿತ್ತು. ಆದ್ದರಿಂದ ಕೊನೆಯಲ್ಲಿ ಕಂಡ ವ್ಯತ್ಯಾಸವನ್ನು ಬರಿಯ ಉತ್ಸಾಹದ ಖಾತೆಗೆ ಬರೆಯುವಂತಿಲ್ಲ.

ಫಲಿತಾಂಶ ಹೀಗಿತ್ತು. ಕೌಶಲ ಕಲಿತ ಮಕ್ಕಳ ಸ್ವಾಸ್ಥ್ಯ ಹೆಚ್ಚಿತು. ಅದರ ಜೊತೆಗೆ ರಾಷ್ಟ್ರೀಯ ಮಟ್ಟದ ಪರೀಕ್ಷೆಯಲ್ಲಿ ಅವರ ಅಂಕಗಳೂ ಏರಿದವು. ಪಾಠ ಮುಗಿದು ಒಂದು ವರ್ಷ ಕಳೆದ ಮೇಲೂ ಆ ಏರಿಕೆ ಉಳಿದಿತ್ತು. ಅಂಕ ಏರಲು ಕಾರಣವೇನೆಂದು ಬಿಡಿಸಿ ನೋಡಿದಾಗ ಮುಖ್ಯವಾಗಿ ಎದ್ದು ಕಂಡದ್ದು ಮೂರು ಸಂಗತಿಗಳು: ಪಟ್ಟು ಬಿಡದ ಪ್ರಯತ್ನ, ತಲ್ಲೀನತೆ ಮತ್ತು ಸಂಬಂಧಗಳ ಗುಣಮಟ್ಟ. ಮುಂದೆ ಮೆಕ್ಸಿಕೊದ ಹಲಿಸ್ಕೊ ರಾಜ್ಯದ 70 ಶಾಲೆಗಳಲ್ಲಿ, ಬಳಿಕ ಪೆರು ದೇಶದ 694 ಶಾಲೆಗಳಲ್ಲಿ ಇದೇ ಬಗೆಯ ಪ್ರಯೋಗ ನಡೆದು ಅದೇ ದಿಕ್ಕಿನ ಫಲ ಬಂತು.

ಅಂಕವೋ ಆನಂದವೋ ಎಂದು ತಕ್ಕಡಿ ಹಿಡಿದು ಕೂತ ಪಾಲಕರಿಗೆ ಇದಕ್ಕಿಂತ ನೇರವಾದ ಉತ್ತರ ಸಿಗಲಾರದು. ಒಂದನ್ನು ಕೊಟ್ಟು ಇನ್ನೊಂದನ್ನು ಕೊಳ್ಳಬೇಕಾದ ವ್ಯಾಪಾರವೇ ಇದಲ್ಲ.

ಇಲ್ಲಿ ‘ಛಲ’ ಎಂಬ ಪದದ ಬಗ್ಗೆ ಒಂದು ಮಾತು. ಕನ್ನಡಿಗನ ಕಿವಿಗೆ ಛಲವೆಂದೊಡನೆ ನೆನಪಾಗುವವನು ರನ್ನನ ದುರ್ಯೋಧನ. ಸೋಲು ಎದುರಿಗೆ ನಿಂತಾಗಲೂ ದಾರಿ ಬದಲಿಸದವನು, ಹಿರಿಯರ ಹಿತವಚನ ಕೇಳದವನು. ಕವಿಗೆ ಅವನಲ್ಲಿ ಮಹತ್ತ್ವ ಕಂಡದ್ದು ಸಹಜ. ಆದರೆ ಪ್ರೌಢಶಾಲೆಯ ವಿದ್ಯಾರ್ಥಿಗೆ ಬೇಕಾದ ಛಲ ಆ ಜಾತಿಯದಲ್ಲ. ಒಂದೇ ಲೆಕ್ಕವನ್ನು ಒಂದೇ ತಪ್ಪು ವಿಧಾನದಲ್ಲಿ ಹತ್ತು ಸಲ ಮಾಡುವುದು ಹಟ. ಮೂರನೆಯ ಸಲ ನಿಂತು, ‘ಎಲ್ಲಿ ಎಡವಿದೆ?’ ಎಂದು ಕೇಳಿಕೊಂಡು, ಬೇರೆ ವಿಧಾನ ಹುಡುಕಿ, ಹೊಳೆಯದಿದ್ದರೆ ನಾಚದೆ ಇನ್ನೊಬ್ಬರನ್ನು ಕೇಳಿ, ಮತ್ತೆ ಅದೇ ಲೆಕ್ಕಕ್ಕೆ ಮರಳುವುದು ಛಲ.

ಹೀಗೆ ಬಿಡಿಸಿ ನೋಡಿದರೆ ಅದು ಕಲಿಸಬಹುದಾದ ವಸ್ತುವೆಂಬುದು ತಾನೇ ಸ್ಪಷ್ಟವಾಗುತ್ತದೆ. ವರ್ಗಸಮೀಕರಣ ಬಿಡಿಸಲಾಗದ ಹುಡುಗಿಯ ಮನಸ್ಸಿನಲ್ಲಿ ಮೊದಲು ಏಳುವುದು ಗಣಿತವಲ್ಲ, ಭಯ. ಎದೆ ಬಡಿದುಕೊಳ್ಳುತ್ತದೆ, ‘ನನ್ನ ಕೈಯಲ್ಲಾಗದು’ ಎಂಬ ವಾಕ್ಯ ಮೂಡುತ್ತದೆ, ಕೈ ಮೊಬೈಲಿನತ್ತ ಚಾಚುತ್ತದೆ. ಈ ಮೂರು ಹೆಜ್ಜೆಗಳು ಕ್ಷಣಾರ್ಧದಲ್ಲಿ ಮುಗಿಯುತ್ತವೆ. ಭಯವನ್ನು ಭಯವೆಂದು ಗುರುತಿಸಲು ಕಲಿತ ಹುಡುಗಿ ಮೊದಲ ಹೆಜ್ಜೆಯಲ್ಲೇ ತಡೆದು ನಿಲ್ಲುತ್ತಾಳೆ. ‘ಆಗದು’ ಎಂಬುದನ್ನು ‘ಇನ್ನೂ ಆಗಿಲ್ಲ’ ಎಂದು ತಿದ್ದಿಕೊಳ್ಳಲು ಕಲಿತವಳು ಎರಡನೆಯದರಲ್ಲಿ ನಿಲ್ಲುತ್ತಾಳೆ. ದೊಡ್ಡ ಸಮಸ್ಯೆಯನ್ನು ಚಿಕ್ಕ ತುಂಡುಗಳಾಗಿ ಒಡೆಯಲು ಬಲ್ಲವಳು ಮೂರನೆಯದರ ಬದಲು ಪೆನ್ಸಿಲ್ ಎತ್ತಿಕೊಳ್ಳುತ್ತಾಳೆ. ಭೂತಾನದ ಹತ್ತು ಕೌಶಲಗಳ ಪಟ್ಟಿಯನ್ನು ಇನ್ನೊಮ್ಮೆ ನೆನೆದರೆ ಈ ಮೂರೂ ಅಲ್ಲಿವೆ. ತಲ್ಲೀನತೆಯೂ ಹಾಗೆಯೇ: ಅದು ಉಪದೇಶದಿಂದ ಬರುವುದಿಲ್ಲ, ಕೆಲಸದ ಕಾಠಿಣ್ಯ ಮಗುವಿನ ಶಕ್ತಿಗಿಂತ ತುಸುವೇ ಮೇಲಿದ್ದು, ಮಾಡಿದ್ದು ಸರಿಯೋ ತಪ್ಪೋ ಎಂಬುದು ಬೇಗ ತಿಳಿಯುತ್ತಿದ್ದರೆ ತಾನಾಗಿ ಹುಟ್ಟುತ್ತದೆ. ಚದುರಂಗದ ಮುಂದೆ ಎರಡು ಗಂಟೆ ಅಲುಗಾಡದೆ ಕೂರುವ ಹುಡುಗನಿಗೆ ಏಕಾಗ್ರತೆ ಇಲ್ಲವೆಂದು ಹೇಳುವವರು ಅವನ ಪಠ್ಯಪುಸ್ತಕವನ್ನೂ ಒಮ್ಮೆ ಪರೀಕ್ಷಿಸಬೇಕು.

ಆದರೆ ಲೆಕ್ಕದ ಪುಸ್ತಕದ ಇನ್ನೊಂದು ಬದಿಯನ್ನು ಮುಚ್ಚಿಟ್ಟರೆ ಪರಿಶೋಧನೆ ಪ್ರಾಮಾಣಿಕವಾಗದು. ಬ್ರಿಟನ್ನಿನಲ್ಲಿ ‘ಮಿರಿಯಡ್’ ಎಂಬ ಹೆಸರಿನ ದೊಡ್ಡ ಪ್ರಯೋಗ ನಡೆಯಿತು. 85 ಶಾಲೆಗಳು, 8,000ಕ್ಕೂ ಹೆಚ್ಚು ಕಿಶೋರರು. ಶಿಕ್ಷಕರಿಗೆ ತರಬೇತಿ ಕೊಟ್ಟು, ಅವರ ಮೂಲಕ ತರಗತಿಯಲ್ಲಿ ಸಾವಧಾನದ ಪಾಠಗಳನ್ನು ನಡೆಸಲಾಯಿತು. 2022ರಲ್ಲಿ ಪ್ರಕಟವಾದ ಫಲಿತಾಂಶ ನಿರಾಶಾದಾಯಕ: ಶಾಲೆಗಳು ಮೊದಲಿನಿಂದ ನಡೆಸಿಕೊಂಡು ಬಂದಿದ್ದ ಸಾಮಾನ್ಯ ಜೀವನ ಶಿಕ್ಷಣಕ್ಕಿಂತ ಈ ಪಾಠಗಳು ಮಕ್ಕಳ ಖಿನ್ನತೆಯ ಅಪಾಯವನ್ನಾಗಲಿ ಸ್ವಾಸ್ಥ್ಯವನ್ನಾಗಲಿ ಹೆಚ್ಚು ಸುಧಾರಿಸಲಿಲ್ಲ. ಹೆಚ್ಚಿನ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಬೇಡವೆಂದರೂ ಬಡಿಸಿದ ಊಟದ ಗತಿ ಅದಕ್ಕಾಯಿತು. ಕಣ್ಣು ಮುಚ್ಚಿ ಕುಳಿತುಕೊಳ್ಳುವ ಒಂದು ಪೀರಿಯಡ್ಡನ್ನು ವೇಳಾಪಟ್ಟಿಗೆ ಸೇರಿಸಿದರೆ ಸಾಕು ಎಂದು ನಂಬಿರುವ ಶಾಲೆಗಳು ಈ ವರದಿಯನ್ನು ಗೋಡೆಗೆ ತೂಗುಹಾಕಬೇಕು. (ಮಗುವಿಗೆ ಅರ್ಥ ಹೇಳದೆ ನಲವತ್ತೆಂಟು ನಿಮಿಷ ಸಾಮಾಯಿಕಕ್ಕೆ ಕೂರಿಸಿ, ಎಷ್ಟು ಕೂತನೆಂದು ಅಂಕ ಹಾಕುವ ಪಾಠಶಾಲೆಗಳಿಗೂ ಇದೇ ಮಾತು ಸಲ್ಲುತ್ತದೆ.)

ಇನ್ನೂ ಹತ್ತಿರದ, ಇನ್ನೂ ಹೆಚ್ಚು ಕಲಿಸುವ ಸಾಕ್ಷ್ಯ ಬಿಹಾರದ್ದು. ನಳಂದಾ ಜಿಲ್ಲೆಯ 74 ಪ್ರೌಢಶಾಲೆಗಳಲ್ಲಿ ‘ಸೆಹರ್’ ಎಂಬ ಕಾರ್ಯಕ್ರಮವನ್ನು ಪರೀಕ್ಷಿಸಿದರು. ಶಾಲಾ ಪ್ರಾರ್ಥನಾ ಸಭೆಯಲ್ಲಿ ಚರ್ಚೆ, ಗೋಡೆ ಪತ್ರಿಕೆ, ಮಕ್ಕಳು ಹೇಳಲಾಗದ್ದನ್ನು ಬರೆದು ಹಾಕುವ ಪೆಟ್ಟಿಗೆ, ಗೆಳೆಯರ ಗುಂಪುಗಳು, ಬೇಕಾದವರಿಗೆ ಒಬ್ಬೊಬ್ಬರಾಗಿ ಆಪ್ತ ಸಲಹೆ ಇದರ ಅಂಗಗಳು. ಕೆಲವು ಶಾಲೆಗಳಲ್ಲಿ ಈ ಕೆಲಸವನ್ನು ಈಗಾಗಲೇ ಇದ್ದ ಶಿಕ್ಷಕರಿಗೆ ಹೆಚ್ಚುವರಿ ಹೊಣೆಯಾಗಿ ವಹಿಸಲಾಯಿತು. ಇನ್ನು ಕೆಲವು ಶಾಲೆಗಳಲ್ಲಿ ಇದಕ್ಕೆಂದೇ ತರಬೇತಿ ಪಡೆದ ಒಬ್ಬ ಸಲಹೆಗಾರನನ್ನು ನೇಮಿಸಲಾಯಿತು. ಅವನು ಮನೋವೈದ್ಯನಲ್ಲ, ಸಾಮಾನ್ಯ ಯುವಕ ಅಥವಾ ಯುವತಿ. ಮೂರನೆಯ ಗುಂಪಿಗೆ ಎಂದಿನ ಪಾಠವಷ್ಟೇ. ಒಂಬತ್ತನೇ ತರಗತಿಯ ಸಾವಿರಾರು ಮಕ್ಕಳ ಮೇಲೆ ನಡೆದ ಈ ಪ್ರಯೋಗದ ವರದಿ 2018ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಪ್ರತ್ಯೇಕ ಸಲಹೆಗಾರನಿದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತು, ಖಿನ್ನತೆ ಇಳಿಯಿತು, ಮಕ್ಕಳು ಮಕ್ಕಳನ್ನು ಪೀಡಿಸುವುದು ಕಡಿಮೆಯಾಯಿತು. ಶಿಕ್ಷಕರ ತಲೆಗೇ ಇನ್ನೊಂದು ಹೊರೆ ಹೇರಿದ ಶಾಲೆಗಳಲ್ಲಿ ಪರಿಣಾಮವೇ ಕಾಣಲಿಲ್ಲ. ಕಾರ್ಯಕ್ರಮ ಅದೇ, ಸಾಮಗ್ರಿ ಅದೇ. ಬದಲಾದದ್ದು ಮಗುವಿನ ಮಾತು ಕೇಳಲು ಪುರುಸೊತ್ತಿರುವ ಒಬ್ಬ ಹಿರಿಯ ಜೀವ.

ಮೂರನೆಯ ಸಾಕ್ಷ್ಯವನ್ನು ಚುಟುಕಾಗಿ ಹೇಳಬಹುದು. ಅಮೆರಿಕದ 65 ಶಾಲೆಗಳ 12,000ಕ್ಕೂ ಹೆಚ್ಚು ಒಂಬತ್ತನೇ ತರಗತಿಯ ವಿದ್ಯಾರ್ಥಿಗಳಿದ್ದ ಪ್ರಯೋಗದಲ್ಲಿ, ಬುದ್ಧಿ ಎಂಬುದು ಅಭ್ಯಾಸದಿಂದ ಬೆಳೆಯುತ್ತದೆ ಎಂಬ ವಿಷಯವನ್ನು ಗಣಕಯಂತ್ರದ ಮೂಲಕ ಒಂದು ಗಂಟೆಗೂ ಕಡಿಮೆ ಅವಧಿಯಲ್ಲಿ ಕಲಿಸಲಾಯಿತು. 2019ರ ವರದಿಯಂತೆ ಹಿಂದುಳಿದ ಮಕ್ಕಳ ಅಂಕಗಳಲ್ಲಿ ಚಿಕ್ಕದಾದರೂ ನಿಜವಾದ ಏರಿಕೆ ಕಂಡಿತು. ಆದರೆ ಆ ಬೀಜ ಮೊಳೆತದ್ದು ಮುಖ್ಯವಾಗಿ ಕಠಿಣ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುವುದನ್ನು ಸಹಪಾಠಿಗಳು ಗೇಲಿ ಮಾಡದ ಶಾಲೆಗಳಲ್ಲಿ.

ಭೂತಾನ, ಬ್ರಿಟನ್, ಬಿಹಾರ, ಅಮೆರಿಕ ಇವನ್ನು ಒಟ್ಟಿಗಿಟ್ಟು ನೋಡಿದರೆ ಹೊಮ್ಮುವ ತೀರ್ಪು ಸರಳ. ಛಲವನ್ನು ಕಲಿಸಬಹುದು; ಆದರೆ ಅದನ್ನು ಮಗುವಿನೊಳಗೆ ಮಾತ್ರ ತುಂಬಲು ಹೊರಟರೆ ಸೋರಿಹೋಗುತ್ತದೆ. ಸೋತ ಮಗುವನ್ನು ಸುತ್ತಲಿನವರು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದೇ ಪಾಠದ ಅರ್ಧಭಾಗ.

ಈಗ ಸರಕಾರಗಳತ್ತ ದೃಷ್ಟಿ ಹರಿಸೋಣ. ದೆಹಲಿ ಸರಕಾರ 2018ರ ಜುಲೈನಲ್ಲಿ ದಲಾಯಿ ಲಾಮಾ ಅವರ ಸಮ್ಮುಖದಲ್ಲಿ ‘ಹ್ಯಾಪಿನೆಸ್’ ಪಠ್ಯಕ್ರಮವನ್ನು ಆರಂಭಿಸಿತು. ಶ್ಲಾಘನೀಯ ಹೆಜ್ಜೆ. ಆದರೆ ಅದನ್ನು ರೂಪಿಸಿದ್ದು ನರ್ಸರಿಯಿಂದ 8ನೇ ತರಗತಿಯವರೆಗೆ. ಒಂಬತ್ತರಿಂದ ಮುಂದಿನವರಿಗೆ ಮರುವರ್ಷ ಬಂದದ್ದು ಉದ್ಯಮಶೀಲತೆಯ ಪಠ್ಯಕ್ರಮ. ಮನಸ್ಸು ಹೆಚ್ಚು ಕುದಿಯುವ ವಯಸ್ಸು ಬಂದೊಡನೆ ಸಂತೋಷದ ಪಾಠ ಮುಗಿದು ಗಳಿಕೆಯ ಪಾಠ ಶುರುವಾದದ್ದು ಆಕಸ್ಮಿಕವೆಂದು ಹೇಳಲಾಗದು. ಈ ದೇಶದ ಮಧ್ಯಮ ವರ್ಗ ಮನೆಯಲ್ಲೂ ಮಾಡುವುದು ಅದನ್ನೇ. ಕೇಂದ್ರ ಸರಕಾರ 2024ರ ಜನವರಿಯಲ್ಲಿ, 16 ವರ್ಷ ತುಂಬದವರನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದೆಂದು ಮಾರ್ಗಸೂಚಿ ಹೊರಡಿಸಿತು. ಆರನೇ ತರಗತಿಯಿಂದಲೇ ‘ಫೌಂಡೇಶನ್’ ಎಂಬ ಜಾಹೀರಾತು ಫಲಕಗಳು ಮಹಾನಗರಗಳ ಬೀದಿಗಳಲ್ಲಿ ಕಾಣುತ್ತಿರುವಷ್ಟು ಕಾಲ ಆ ಮಾರ್ಗಸೂಚಿಯ ಬೆಲೆ ಎಷ್ಟೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ. 2025ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಆಪ್ತ ಸಲಹೆಗಾರನನ್ನು ನೇಮಿಸಬೇಕೆಂದು ನಿರ್ದೇಶಿಸಿತು. ನಳಂದಾದ ಪಾಠ ಇದೇ ಆಗಿತ್ತು. ಪಠ್ಯಕ್ರಮ ಬರೆಯುವುದು ಅಗ್ಗ, ಹುದ್ದೆ ಸೃಷ್ಟಿಸುವುದು ದುಬಾರಿ. ಸರಕಾರಗಳು, ಪಕ್ಷ ಯಾವುದೇ ಇರಲಿ, ಮೊದಲನೆಯದನ್ನು ಘೋಷಿಸಿ ಎರಡನೆಯದನ್ನು ಮುಂದೂಡುತ್ತವೆ. ಮಗುವಿನ ಶಾಲೆಯಲ್ಲಿ ಆ ಹುದ್ದೆ ತುಂಬಿದೆಯೇ, ಇಲ್ಲ ಗ್ರಂಥಪಾಲಕರಿಗೇ ಆ ಬಿರುದನ್ನೂ ಅಂಟಿಸಲಾಗಿದೆಯೇ ಎಂದು ಪಾಲಕರ ಸಭೆಯಲ್ಲಿ ಕೇಳುವವರು ಎಷ್ಟು ಜನ? ಶುಲ್ಕ ಏರಿದಾಗ ಕೇಳಿಬರುವ ದನಿ ಈ ಪ್ರಶ್ನೆಗೂ ಏಳಬೇಕು.

ಪರೀಕ್ಷೆಯ ನಿಯಮಗಳೂ ಛಲವನ್ನು ಕಟ್ಟಬಲ್ಲವು ಅಥವಾ ಮುರಿಯಬಲ್ಲವು. ಚಾರ್ಟರ್ಡ್ ಅಕೌಂಟೆನ್ಸಿ ಪರೀಕ್ಷೆಯನ್ನು ಎಲ್ಲರೂ ಕ್ರೂರವೆಂದು ಬೈಯುತ್ತಾರೆ. ಅನುತ್ತೀರ್ಣರಾಗದೆ ಮುಗಿಸಿದವರು ವಿರಳ. ಆದರೂ ಸಾವಿರಾರು ಮಕ್ಕಳು ನಾಲ್ಕನೇ, ಐದನೇ ಸಲ ಕೂರುತ್ತಾರೆ. ಅದಕ್ಕೊಂದು ಕಾರಣ ನಿಯಮದಲ್ಲೇ ಇದೆ. ಗುಂಪು ಪಾಸಾಗದಿದ್ದರೂ ಒಂದು ಪತ್ರಿಕೆಯಲ್ಲಿ 60 ಅಂಕ ಬಂದಿದ್ದರೆ ಮುಂದಿನ ಮೂರು ಪ್ರಯತ್ನಗಳಲ್ಲಿ ಆ ಪತ್ರಿಕೆಯಿಂದ ವಿನಾಯಿತಿ ಸಿಗುತ್ತದೆ. ಸೋಲು ಇಡಿಯಾಗಿ ಮೈಮೇಲೆ ಬೀಳುವುದಿಲ್ಲ. ಗೆದ್ದ ತುಂಡು ಕೈಯಲ್ಲಿ ಉಳಿಯುತ್ತದೆ. ಕರ್ನಾಟಕವು 2024ರಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳನ್ನಿಟ್ಟು, ಉತ್ತಮ ಅಂಕವನ್ನು ಉಳಿಸಿಕೊಳ್ಳಲು ಅವಕಾಶ ಕೊಟ್ಟದ್ದೂ ಇದೇ ನ್ಯಾಯದಿಂದ. ಸಿಬಿಎಸ್‌ಇ ಸಹ 2026ರಿಂದ ಹತ್ತನೇ ತರಗತಿಗೆ ಎರಡನೆಯ ಅವಕಾಶವನ್ನು ತೆರೆದಿದೆ. ‘ಇದರಿಂದ ಮಟ್ಟ ಕುಸಿಯುತ್ತದೆ’ ಎಂಬ ಆಕ್ಷೇಪ ಕೇಳಿಬಂದಿದೆ. ಪ್ರಶ್ನೆಪತ್ರಿಕೆ ಸುಲಭವಾದರೆ ಮಟ್ಟ ಕುಸಿದೀತು. ಮರಳಿ ಬರೆಯುವ ಬಾಗಿಲು ತೆರೆದಿಟ್ಟರೆ ಕುಸಿಯುವುದು ಭಯ ಮಾತ್ರ.

ಕೊನೆಗೆ ಸಮಾಜದ ಅಂಗಳಕ್ಕೆ ಬರಬೇಕು, ಸರಕಾರವನ್ನು ದೂರುವುದಕ್ಕಿಂತ ಇದು ಕಷ್ಟದ ಭಾಗ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿದ ಕನ್ನಡ ಜೈನ ಕುಟುಂಬಗಳ ಮಕ್ಕಳಿಗೆ ಒಂದು ವಿಶೇಷ ಭಾರವಿದೆ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಮೂರನೆಯದು. ಅಜ್ಜ-ಅಜ್ಜಿ ಬೆಳಗಾವಿಯಲ್ಲೋ ಮೂಡಬಿದಿರೆಯಲ್ಲೋ ಉಳಿದಿರುತ್ತಾರೆ. ತಂದೆ ಅಂಗಡಿ ಅಥವಾ ಕಚೇರಿಯಿಂದ ಮರಳುವ ಹೊತ್ತಿಗೆ ಮಗು ಮಲಗಿರುತ್ತದೆ. ಭೂತಾನದ ಪ್ರಯೋಗದಲ್ಲಿ ಅಂಕವನ್ನು ಎತ್ತಿದ ಮೂರನೆಯ ಅಂಶ ಸಂಬಂಧಗಳ ಗುಣಮಟ್ಟ ಎಂಬುದನ್ನು ನೆನೆದರೆ, ಈ ಮಕ್ಕಳಿಗೆ ಕೊರತೆ ಎಲ್ಲಿದೆ ಎಂಬುದು ತಿಳಿಯುತ್ತದೆ. ಆ ಕೊರತೆಯನ್ನು ತುಂಬಬಹುದಾದ ಸಂಸ್ಥೆ ಸಮಾಜ. ಆದರೆ ಸಮಾಜ ಆ ಮಕ್ಕಳನ್ನು ಭೇಟಿಯಾಗುವುದು ವರ್ಷಕ್ಕೊಮ್ಮೆ, ಪ್ರತಿಭಾ ಪುರಸ್ಕಾರದ ದಿನ. ಅದೂ ಶೇಕಡ 90 ದಾಟಿದವರನ್ನು ಮಾತ್ರ.

ಶಾಲು, ಸ್ಮರಣಿಕೆ, ಲಕೋಟೆ, ಛಾಯಾಚಿತ್ರ. ಈ ಗೌರವ ಪಡೆದ ಮಕ್ಕಳು ಅದಕ್ಕೆ ಅರ್ಹರು, ಅವರ ಶ್ರಮವನ್ನು ಕಡೆಗಣಿಸುವ ಮಾತು ಇಲ್ಲಿಲ್ಲ. ಆದರೆ ಒಂಬತ್ತರಲ್ಲಿ ಶೇಕಡ 38ರಲ್ಲಿದ್ದು ಹತ್ತರಲ್ಲಿ 61ಕ್ಕೆ ಏರಿದ ಹುಡುಗ ಸಭಾಂಗಣದ ಕೊನೆಯ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಾನೆ, ಅಥವಾ ಬರುವುದೇ ಇಲ್ಲ. ಇಬ್ಬರಲ್ಲಿ ಹೆಚ್ಚು ಪಟ್ಟು ಹಿಡಿದವರು ಯಾರು ಎಂದು ಅಂಕಪಟ್ಟಿ ಹೇಳುವುದಿಲ್ಲ, ಎರಡು ವರ್ಷಗಳ ಅಂಕಪಟ್ಟಿಗಳು ಹೇಳುತ್ತವೆ. ಯಾವ ವ್ಯಾಪಾರಿಯೂ ಒಂದೇ ವರ್ಷದ ಆಸ್ತಿ-ಹೊಣೆ ಪಟ್ಟಿ ನೋಡಿ ಅಂಗಡಿಯ ಪ್ರಗತಿಯನ್ನು ಅಳೆಯುವುದಿಲ್ಲ. ಹಿಂದಿನ ವರ್ಷದ ಕಾಲಂ ಪಕ್ಕದಲ್ಲಿರಲೇಬೇಕು. ಅದೇ ವ್ಯಾಪಾರಿ ಸಮಾಜದ ವಿಶ್ವಸ್ತನಾಗಿ ಕುಳಿತಾಗ ಆ ಕಾಲಂ ಅನ್ನು ಕೇಳುವುದಿಲ್ಲ.

ಆದ್ದರಿಂದ ಸಂಘಗಳ ಮುಂದಿಡಬಹುದಾದ ಪ್ರಸ್ತಾಪ ಇದು. ಪುರಸ್ಕಾರದ ಅರ್ಜಿಯಲ್ಲಿ ಹಿಂದಿನ ವರ್ಷದ ಅಂಕವನ್ನೂ ಕೇಳಲಿ, ಅತಿ ಹೆಚ್ಚು ಏರಿದವರಿಗೂ ಅದೇ ವೇದಿಕೆ, ಅದೇ ಶಾಲು ಇರಲಿ. ವಿದ್ಯಾರ್ಥಿವೇತನದಲ್ಲಿ ಒಂದು ಪಾಲನ್ನು ಅನುತ್ತೀರ್ಣರಾಗಿ ಮರಳಿ ಬರೆಯುವವರ ಶುಲ್ಕಕ್ಕೆ ಮೀಸಲಿಡಲಿ; ಇಂದು ಅನುತ್ತೀರ್ಣನಾದೊಡನೆ ವೇತನ ನಿಲ್ಲಿಸುವ ನಿಯಮ ಎಷ್ಟೋ ನಿಧಿಗಳಲ್ಲಿದೆ, ನೆರವು ಅತ್ಯಂತ ಬೇಕಾದ ತಿಂಗಳಲ್ಲೇ ಅದು ತಪ್ಪುತ್ತದೆ. ಮತ್ತು ಸ್ಮರಣಿಕೆ, ಫಲಕ, ಅತಿಥಿಗಳ ಸನ್ಮಾನಕ್ಕೆ ಆಗುವ ವೆಚ್ಚದಲ್ಲಿ ಅರ್ಧವನ್ನಾದರೂ ಉಳಿಸಿ, ಕಾಲೇಜು ಓದುತ್ತಿರುವ ಅಥವಾ ಕೆಲಸಕ್ಕೆ ಸೇರಿದ ಸಮಾಜದ ಯುವಕ-ಯುವತಿಯರಿಗೆ ಯೋಗ್ಯರಿಂದ ತರಬೇತಿ ಕೊಡಿಸಲಿ. ಒಬ್ಬೊಬ್ಬರು ನಾಲ್ಕೈದು ಪ್ರೌಢಶಾಲಾ ಮಕ್ಕಳನ್ನು ವಹಿಸಿಕೊಂಡು, ವಾರಕ್ಕೊಂದು ಗಂಟೆ, ಕನ್ನಡದಲ್ಲಿ, ಪಾಠ ಹೇಳುವುದಕ್ಕಲ್ಲ, ಕೇಳುವುದಕ್ಕಾಗಿ ಕೂರಲಿ. ಪಾಠ ಮಾಡುವವರು ಸಾಕಷ್ಟಿದ್ದಾರೆ. ಮಗುವಿನ ಮಾತಿನಲ್ಲಿ ಗಂಭೀರವಾದ ನೋವು ಕಂಡರೆ ತಾವೇ ಚಿಕಿತ್ಸೆಗೆ ಇಳಿಯದೆ ತಜ್ಞರ ಬಳಿ ಕಳಿಸುವ ವಿವೇಕವೂ ಆ ತರಬೇತಿಯಲ್ಲಿ ಸೇರಿರಬೇಕು.

ಇದಕ್ಕೆ ಎಷ್ಟು ಹಣ ಬೇಕು ಎಂಬ ಪ್ರಶ್ನೆ ಕಾರ್ಯಕಾರಿ ಸಮಿತಿಯಲ್ಲಿ ಮೊದಲು ಬರುತ್ತದೆ. ಪ್ರತಿ ಸಂಘದ ವಾರ್ಷಿಕ ವರದಿಯಲ್ಲಿ ಪುರಸ್ಕಾರ ಸಮಾರಂಭದ ವೆಚ್ಚ ನಮೂದಾಗಿರುತ್ತದೆ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಆ ಸಾಲಿನ ಮೇಲೆ ಬೆರಳಿಟ್ಟು ಚರ್ಚೆ ಆರಂಭಿಸಬಹುದು.